ಮನೆಯ ಇಂಟರ್ನೆಟ್ಟಿನ ವೇಗ: ಅಂಕಿಯನ್ನು ಓದುವ ಬಗೆ

ಈಚೆಗೆ ನಮ್ಮ ಬ್ಲಾಕಿನ ಗ್ರಾಮಗಳಿಗೆ ಹೋದಲ್ಲೆಲ್ಲ, ಕೊಳೆರೋಗದ ಮದ್ದು, ಸುಣ್ಣ, ಗೊಬ್ಬರಗಳ ಮಾತು ಮುಗಿಯುತ್ತಲೇ ಕೃಷಿಕ ಬಾಂಧವರು ಕೇಳುವ ಇನ್ನೊಂದು ಪ್ರಶ್ನೆ ಉಂಟು. “ಫೈಬರ್ ಹಾಕಿಸುವುದಾದರೆ ಎಷ್ಟರದ್ದು ಹಾಕಿಸಬೇಕು? ಐವತ್ತರದ್ದೋ, ನೂರರದ್ದೋ, ಮುನ್ನೂರರದ್ದೋ?” ಈ ಅಂಕಿಗಳು ಏನನ್ನು ಅಳೆಯುತ್ತವೆ ಎಂಬುದನ್ನು ತಿಳಿಯದೆ ಹಣ ಕಟ್ಟುವುದೆಂದರೆ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಿದ ಹಾಗೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುವುದು ಉಚಿತವೆಂದು ತೋರಿತು.

ಇಂಟರ್ನೆಟ್ಟು ಈಗ ಪೇಟೆಯವರ ಶೋಕಿಯಾಗಿ ಉಳಿದಿಲ್ಲ. ಪಹಣಿ ನೋಡುವುದು, ಬೆಳೆ ವಿಮೆಯ ಅರ್ಜಿ, ಅಡಿಕೆಯ ಧಾರಣೆ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ೨೦೨೦ ಮತ್ತು ೨೦೨೧ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಜಿಲ್ಲೆಯ ಸುಳ್ಯ ಮೊದಲಾದ ಕಡೆ ಮಕ್ಕಳು ಗುಡ್ಡ ಹತ್ತಿ, ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದ್ದನ್ನು ಯಾರೂ ಮರೆತಿರಲಾರರು.

ಮೊದಲು ಹಳೆಯ ಕಥೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು ೧೯೯೫ನೆಯ ಇಸವಿ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದಕ್ಕೆ ಬೇರೆ ತಂತಿ ಇರಲಿಲ್ಲ. ಮನೆಯ ಟೆಲಿಫೋನು ತಂತಿಗೆ ಮೋಡೆಮ್ ಎಂಬ ಪೆಟ್ಟಿಗೆಯನ್ನು ಜೋಡಿಸಿ, ಒಂದು ನಂಬರಿಗೆ ಫೋನು ಮಾಡಿದ ಹಾಗೆಯೇ ಡಯಲ್ ಮಾಡಬೇಕಿತ್ತು. ಅದಕ್ಕೇ ಡಯಲ್‌ಅಪ್ ಎಂಬ ಹೆಸರು. ಕಂಪ್ಯೂಟರಿನ ಸಂಜ್ಞೆಗಳನ್ನು ಶಬ್ದವನ್ನಾಗಿ ಮಾರ್ಪಡಿಸಿ ಕಳುಹಿಸುವುದು, ಬಂದ ಶಬ್ದವನ್ನು ತಿರುಗಿ ಸಂಜ್ಞೆಯನ್ನಾಗಿ ಮಾಡುವುದು ಮೋಡೆಮ್ಮಿನ ಕೆಲಸ. ಆ ಕೀಂ ಕರ್ ಎಂಬ ಸದ್ದು ಹಿರಿಯರಿಗೆ ನೆನಪಿದ್ದೀತು. ಇಂಟರ್ನೆಟ್ಟು ಇರುವಷ್ಟು ಹೊತ್ತು ಆ ಮನೆಗೆ ಬೇರೆಯವರ ಫೋನು ಬರುವಂತಿರಲಿಲ್ಲ, ಕಾಲ್ ಮೀಟರು ಮಾತ್ರ ಓಡುತ್ತಿತ್ತು.

ಡಯಲ್‌ಅಪ್ಪಿನ ಅತಿ ಹೆಚ್ಚಿನ ವೇಗ ಸೆಕೆಂಡಿಗೆ ೫೬ ಸಾವಿರ ಬಿಟ್, ಅಂದರೆ ೫೬ ಕೆ.ಬಿ.ಪಿ.ಎಸ್. ಮೋಡೆಮ್ಮು ಎಷ್ಟು ಒಳ್ಳೆಯದಾದರೂ ಅದನ್ನು ಮೀರುವಂತಿರಲಿಲ್ಲ. ಟೆಲಿಫೋನು ವ್ಯವಸ್ಥೆಯನ್ನು ಕಟ್ಟಿದ್ದು ಮನುಷ್ಯನ ಮಾತಿಗಾಗಿ. ಎಕ್ಸ್‌ಚೇಂಜಿನಲ್ಲಿ ಒಂದು ಧ್ವನಿಗೆ ಮೀಸಲಿಟ್ಟ ದಾರಿಯೇ ಸೆಕೆಂಡಿಗೆ ೬೪ ಸಾವಿರ ಬಿಟ್ಟಿನದು. ಕಿರುಗಾಲುವೆಯ ಬಾಯಿಗೆ ಹತ್ತು ಕುದುರೆಶಕ್ತಿಯ ಪಂಪು ಇಟ್ಟರೂ ಕಾಲುವೆ ಅಗಲವಾಗುವುದಿಲ್ಲ.

ಬಿಟ್ ಎಂದರೆ ಏನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳಬಲ್ಲ ಅತಿ ಸಣ್ಣ ಸಂಜ್ಞೆಯೇ ಬಿಟ್. ಅಂಥ ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಕ’ ಅಕ್ಷರಕ್ಕೆ ಈಗಿನ ಸಾಮಾನ್ಯ ಪದ್ಧತಿಯಲ್ಲಿ ಮೂರು ಬೈಟ್ ಬೇಕು. ಸಾವಿರ ಬಿಟ್ ಸೇರಿ ಕಿಲೋಬಿಟ್, ಹತ್ತು ಲಕ್ಷ ಬಿಟ್ ಸೇರಿ ಮೆಗಾಬಿಟ್. ಕಂಪೆನಿಯವರು ಹೇಳುವ ‘ನೂರರದ್ದು’ ಎಂದರೆ ಸೆಕೆಂಡಿಗೆ ನೂರು ಮೆಗಾಬಿಟ್, ಅಂದರೆ ೧೦೦ ಎಂ.ಬಿ.ಪಿ.ಎಸ್.

ಈ ಅಂತರ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಮೊಬೈಲಿನಲ್ಲಿ ತೆಗೆದ ತೋಟದ ಒಂದು ಫೋಟೋ ೫ ಮೆಗಾಬೈಟ್ ಇದೆ ಎನ್ನೋಣ. ಎಂಟರಿಂದ ಗುಣಿಸಿದರೆ ೪೦ ಮೆಗಾಬಿಟ್. ಅದು ಮನೆಗೆ ಇಳಿದು ಬರಲು ೫೬ ಕೆ.ಬಿ.ಪಿ.ಎಸ್. ಡಯಲ್‌ಅಪ್ಪಿಗೆ ಹನ್ನೆರಡು ನಿಮಿಷ ಬೇಕು, ಅದೂ ತಂತಿ ಚೆನ್ನಾಗಿದ್ದರೆ. ೨೫೬ ಕೆ.ಬಿ.ಪಿ.ಎಸ್. ಆದರೆ ಎರಡೂವರೆ ನಿಮಿಷಕ್ಕೆ ತುಸು ಹೆಚ್ಚು. ೨ ಎಂ.ಬಿ.ಪಿ.ಎಸ್.ಗೆ ಇಪ್ಪತ್ತು ಸೆಕೆಂಡು. ೧೦೦ ಎಂ.ಬಿ.ಪಿ.ಎಸ್. ಆದರೆ ಅರ್ಧ ಸೆಕೆಂಡೂ ಬೇಡ.

ಬ್ರಾಡ್‌ಬ್ಯಾಂಡ್ ಎಂಬ ಮಾತಿನ ಅರ್ಥವೂ ಇದರೊಂದಿಗೆ ಬದಲಾಗುತ್ತ ಬಂದಿದೆ. ೨೦೦೪ರ ಸರಕಾರಿ ನೀತಿಯಲ್ಲಿ ಕನಿಷ್ಠ ೨೫೬ ಕೆ.ಬಿ.ಪಿ.ಎಸ್. ಇದ್ದರೆ ಬ್ರಾಡ್‌ಬ್ಯಾಂಡ್. ೨೦೧೩ರಲ್ಲಿ ಅದನ್ನು ೫೧೨ಕ್ಕೆ ಏರಿಸಲಾಯಿತು. ೨೦೨೩ರ ಜನವರಿಯಿಂದ ಕನಿಷ್ಠ ೨ ಎಂ.ಬಿ.ಪಿ.ಎಸ್. ಇರತಕ್ಕದ್ದು. ಬಿ.ಎಸ್.ಎನ್.ಎಲ್. ಸಂಸ್ಥೆಯ ‘ಡೇಟಾ ಒನ್’ ೨೦೦೫ರ ಜನವರಿಯಲ್ಲಿ ಆರಂಭವಾದಾಗ ಟೆಲಿಫೋನಿನ ಅದೇ ತಾಮ್ರದ ತಂತಿಯಲ್ಲಿ, ಮಾತಿಗೆ ಬಳಸದ ಮೇಲಿನ ಕಂಪನಗಳಲ್ಲಿ ಇಂಟರ್ನೆಟ್ಟನ್ನು ಹರಿಸುವ ಕ್ರಮ ಬಂತು. ಫೋನಿನಲ್ಲಿ ಮಾತನಾಡುತ್ತಲೇ ಇಂಟರ್ನೆಟ್ಟು ನೋಡಬಹುದಾಯಿತು. ಆದರೆ ತಾಮ್ರಕ್ಕೆ ಒಂದು ದೋಷ ಉಂಟು. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಸಂಜ್ಞೆ ಸೊರಗುತ್ತದೆ, ನಾಲ್ಕೈದು ಕಿಲೋಮೀಟರು ದಾಟಿದರೆ ಹೆಚ್ಚೇನೂ ಉಳಿಯುವುದಿಲ್ಲ. ಮನೆಯೊಂದು ಗುಡ್ಡದ ಮೇಲೆ, ಇನ್ನೊಂದು ಬೈಲಿನ ಕೊನೆಯಲ್ಲಿ ಇರುವ ನಮ್ಮ ಊರುಗಳಿಗೆ ಇದು ದೊಡ್ಡ ತೊಡಕು. ಆಟಿ ತಿಂಗಳ ಮಳೆಗೆ ಗಂಟು ಹಾಕಿದಲ್ಲಿ ನೀರು ಇಳಿಯುವ ತೊಂದರೆ ಬೇರೆ.

ಫೈಬರ್ ಎಂಬುದು ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಇಪ್ಪತ್ತು ಕಿಲೋಮೀಟರು ದೂರದ ಮನೆಗೂ ವೇಗ ಸೊರಗದೆ ತಲುಪಬಲ್ಲುದು. ಗ್ರಾಮ ಪಂಚಾಯತುಗಳಿಗೆ ಫೈಬರ್ ಎಳೆಯುವ ಯೋಜನೆಗೆ ೨೦೧೧ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. ಅದೇ ಈಗಿನ ಭಾರತ್‌ನೆಟ್. ಡಯಲ್‌ಅಪ್ಪಿನ ಕಾಲ ಹೊರದೇಶಗಳಲ್ಲಿಯೂ ಮುಗಿಯುತ್ತ ಬಂದಿದೆ. ಅಮೆರಿಕದ ಹೆಸರಾಂತ ಎ.ಒ.ಎಲ್. ಕಂಪೆನಿ ೨೦೨೫ರ ಸೆಪ್ಟೆಂಬರ್ ೩೦ರಂದು ಆ ಸೇವೆಯನ್ನು ನಿಲ್ಲಿಸಿತು.

ಇನ್ನು ಹಣ ಪೋಲಾಗುವ ಜಾಗಕ್ಕೆ ಬರೋಣ. ನನ್ನ ವಲಯದ ಒಬ್ಬ ಕೃಷಿಕರು ನೂರರ ಪ್ಲಾನು ಹಾಕಿಸಿಕೊಂಡಿದ್ದರು. ಕಂಪ್ಯೂಟರಿನಲ್ಲಿ ಏನನ್ನಾದರೂ ಇಳಿಸಿಕೊಳ್ಳುವಾಗ ಪರದೆಯ ಮೇಲೆ ಸೆಕೆಂಡಿಗೆ ಹನ್ನೊಂದು ಎಂದು ಕಾಣುತ್ತಿತ್ತು. “ನೂರಕ್ಕೆ ಹಣ ಕಟ್ಟಿ ಹನ್ನೊಂದು ಸಿಕ್ಕುವುದು ಯಾವ ನ್ಯಾಯ ಮಾರಾಯ್ರೇ?” ಎಂದು ಕೇಳಿದರು. ಮಗಳು ಸಿ.ಇ.ಟಿ. ಪರೀಕ್ಷೆಗೆ ಓದುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅವಳ ಪಾಠ ನಡುನಡುವೆ ನಿಂತುಹೋಗುತ್ತಿತ್ತು. ಮುನ್ನೂರರ ಪ್ಲಾನಿಗೆ ಬದಲಾಯಿಸಲು ಮನೆಯವರೆಲ್ಲ ನಿಶ್ಚಯಿಸಿಯಾಗಿತ್ತು.

ಪರದೆ ತೋರಿಸುತ್ತಿದ್ದುದು ಮೆಗಾಬೈಟ್. ಕಂಪೆನಿ ಮಾರುವುದು ಮೆಗಾಬಿಟ್. ಹನ್ನೊಂದನ್ನು ಎಂಟರಿಂದ ಗುಣಿಸಿದರೆ ಎಂಬತ್ತೆಂಟು. ಉಳಿದದ್ದರಲ್ಲಿ ಒಂದಷ್ಟು ದಾರಿಖರ್ಚು, ಅಂದರೆ ಪ್ರತಿ ಕಟ್ಟಿಗೂ ಅಂಟಿಸುವ ವಿಳಾಸ ಮುಂತಾದವುಗಳಿಗೆ ಹೋಗುವ ಬಿಟ್‌ಗಳು. ಕಂಪೆನಿ ಅವರಿಗೆ ಮೋಸ ಮಾಡಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ‘ಬಿ’ ಅಕ್ಷರ ಇದ್ದರೆ ಬಿಟ್, ದೊಡ್ಡ ‘ಬಿ’ ಇದ್ದರೆ ಬೈಟ್ ಎಂಬುದನ್ನು ನೆನಪಿಟ್ಟರೆ ಸಾಕು. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಎಂಟು ಪಟ್ಟಿನ ಅಂತರವನ್ನು ಇಟ್ಟವರ ಜಾಣ್ಮೆಯನ್ನು ನಾನಂತೂ ಮೆಚ್ಚಲಾರೆ.

ಹಾಗಾದರೆ ಮಗಳ ಪಾಠ ನಿಲ್ಲುತ್ತಿದ್ದುದು ಏಕೆ? ರೂಟರ್ ಇದ್ದುದು ಚಾವಡಿಯ ಮೂಲೆಯಲ್ಲಿ, ಕಬ್ಬಿಣದ ಕಪಾಟಿನ ಹಿಂದೆ. “ಹೊರಗೆ ಇಟ್ಟರೆ ಚೆಂದ ಕಾಣುವುದಿಲ್ಲ” ಎಂದು ಮನೆಯ ಅಕ್ಕ ಹೇಳಿದರು. ರೂಟರಿನ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಅಳೆದರೆ ೯೨, ಹಿಂದಿನ ಕೋಣೆಯಲ್ಲಿ ೪. ನಡುವೆ ಮುರಕಲ್ಲಿನ ಎರಡು ಗೋಡೆಗಳು. ವೈಫೈ ಎಂಬುದು ರೇಡಿಯೋ ಅಲೆ. ದಪ್ಪ ಕಲ್ಲಿನ ಗೋಡೆ ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಕಬ್ಬಿಣದ ಕಪಾಟು ಇನ್ನೂ ಹೆಚ್ಚು. ಹೆಚ್ಚಿನ ರೂಟರುಗಳಲ್ಲಿ ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳಿರುತ್ತವೆ. ಐದರದ್ದು ವೇಗದ್ದಾದರೂ ಗೋಡೆ ದಾಟುವುದರಲ್ಲಿ ಬಲಹೀನ, ೨.೪ರದ್ದು ನಿಧಾನವಾದರೂ ದೂರ ಹೋಗುತ್ತದೆ. ಹನ್ನೆರಡು ಮೀಟರು ಲ್ಯಾನ್ ಕೇಬಲ್ ತಂದು ರೂಟರನ್ನು ಮನೆಯ ನಡುವಿನ ಗೋಡೆಗೆ, ಆಳೆತ್ತರಕ್ಕೆ ಏರಿಸಿದೆವು. ಹಿಂದಿನ ಕೋಣೆಯಲ್ಲಿ ೪೦ ಬಂತು. ಮುನ್ನೂರರ ಪ್ಲಾನು ಹಾಕಿಸಿದ್ದರೂ ಕಪಾಟಿನ ಹಿಂದೆ ಇದ್ದಷ್ಟು ಕಾಲ ಆ ಕೋಣೆಗೆ ಹೆಚ್ಚೇನೂ ಬರುತ್ತಿರಲಿಲ್ಲ. ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ ಶೇಕಡಾ ೧೮ರ ಜಿ.ಎಸ್.ಟಿ. ಸೇರಿ ವರ್ಷಕ್ಕೆ ೨,೮೩೨ ರೂಪಾಯಿ ಆಗುತ್ತದೆ. ಮದ್ದು ಬಿಡುವವರ ಸಂಬಳಕ್ಕಾದರೂ ಆದೀತು.

ಹಾಗಾದರೆ ಒಂದು ಮನೆಗೆ ಎಷ್ಟು ಬೇಕು? ತೋಟದ ಸ್ಪ್ರಿಂಕ್ಲರನ್ನು ನೆನಪಿಸಿಕೊಳ್ಳಿ. ಒಂದೇ ಪೈಪಿನಲ್ಲಿ ಎರಡು ಜೆಟ್ ಬಿಟ್ಟರೆ ದೂರ ಚಿಮ್ಮುತ್ತದೆ, ಹತ್ತು ಬಿಟ್ಟರೆ ಬುಡದಲ್ಲಿಯೇ ಸುರಿಯುತ್ತದೆ. ಮನೆಯಲ್ಲಿ ಏಕಕಾಲಕ್ಕೆ ಎಷ್ಟು ಜೆಟ್ ಓಡುತ್ತವೆ ಎಂಬುದೇ ಲೆಕ್ಕ. ವೀಡಿಯೋ ಪಾಠಕ್ಕೆ ೩ರಿಂದ ೪ ಎಂ.ಬಿ.ಪಿ.ಎಸ್. ಸಾಕು. ಟಿ.ವಿ.ಯಲ್ಲಿ ಸ್ಪಷ್ಟ ಚಿತ್ರದ ಸಿನೆಮಾ ನೋಡಲು ಸುಮಾರು ೫, ಅತ್ಯಂತ ಸೂಕ್ಷ್ಮವಾದ ‘ಫೋರ್ ಕೆ’ ಚಿತ್ರಕ್ಕೆ ೧೫ರಿಂದ ೨೫. ಪಹಣಿ, ಧಾರಣೆ, ವಾಟ್ಸಾಪು ಇವಕ್ಕೆ ಲೆಕ್ಕವೇ ಇಲ್ಲದಷ್ಟು ಕಡಿಮೆ. ಐದು ಜನರ ಕೃಷಿಕ ಕುಟುಂಬಕ್ಕೆ, ನನ್ನ ಅಭಿಪ್ರಾಯದಲ್ಲಿ, ಸರಿಯಾಗಿ ಬರುವ ಐವತ್ತು ಧಾರಾಳ. ಮನೆಯಿಂದಲೇ ಬೆಂಗಳೂರು ಕಂಪೆನಿಯ ಕೆಲಸ ಮಾಡುವ ಮಕ್ಕಳಿದ್ದರೆ ನೂರು ಇರಲಿ. ಅದಕ್ಕೂ ಮೇಲೆ ಏಕೆ ಬೇಕು ಎಂದು ಮಾರುವವರೇ ಕಾರಣ ಹೇಳಲಿ.

ಇಳಿದು ಬರುವ ವೇಗವೊಂದನ್ನೇ ಕೇಳಬೇಡಿ, ಏರಿ ಹೋಗುವ ವೇಗವನ್ನೂ ಕೇಳಿ. ನಾವು ಫೋಟೋ, ಅರ್ಜಿ ಕಳುಹಿಸುವಾಗ, ವೀಡಿಯೋದಲ್ಲಿ ನಮ್ಮ ಮುಖ ಆಚೆಯವರಿಗೆ ಕಾಣುವಾಗ ಕೆಲಸಕ್ಕೆ ಬರುವುದು ಅದು. ತಾಮ್ರದ ತಂತಿಯಲ್ಲಿ ಅದು ಬಹಳ ಕಡಿಮೆ ಇರುತ್ತಿತ್ತು. ಫೈಬರಿನ ಅನೇಕ ಪ್ಲಾನುಗಳಲ್ಲಿ ಎರಡೂ ಸಮಾನವಾಗಿರುತ್ತವೆ.

ವಿಳಂಬ ಎಂಬುದು ಮತ್ತೊಂದು. ಪೈಪು ಎಷ್ಟೇ ಅಗಲವಿರಲಿ, ಪಂಪು ಹಾಕಿದ ಮೇಲೆ ತುದಿಗೆ ನೀರು ತಲುಪಲು ಹೊತ್ತು ಹಿಡಿಯುತ್ತದಷ್ಟೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರು ಎಂದು ಹಿಡಿದರೆ, ಹೋಗಿ ಬರಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರೂವರೆ ಪಾಲು ಸಾಕು. ನಡುವಿನ ಯಂತ್ರಗಳಿಂದ ಅದು ಇನ್ನಷ್ಟು ಹೆಚ್ಚುತ್ತದೆ. ದೊಡ್ಡ ಅಂಕಿಯ ಪ್ಲಾನು ತೆಗೆದುಕೊಂಡರೆ ಬೆಳಕೇನೂ ಹೆಚ್ಚು ಬೇಗ ಓಡುವುದಿಲ್ಲ.

ರಾತ್ರಿ ಎಂಟರ ಮೇಲೆ ನಿಧಾನವಾಗುತ್ತದೆ ಎಂಬ ದೂರು ಬಹಳ ಕಡೆ ಇದೆ. ಒಂದು ಗಾಜಿನ ತಂತಿನಲ್ಲಿ ಬಂದ ಬೆಳಕನ್ನು ಸಾಮಾನ್ಯವಾಗಿ ೩೨ ಅಥವಾ ೬೪ ಮನೆಗಳಿಗೆ ಹಂಚುತ್ತಾರೆ. ಇಡೀ ತಂತಿನ ಪಾಲು ಸುಮಾರು ೨,೫೦೦ ಎಂ.ಬಿ.ಪಿ.ಎಸ್. ಅರುವತ್ತನಾಲ್ಕು ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ತಲೆಗೆ ೩೯. ಹಾಗೆ ಎಳೆಯುವುದು ಅಪರೂಪವಾದ್ದರಿಂದ ವ್ಯವಸ್ಥೆ ನಡೆಯುತ್ತದೆ, ತೋಡಿನ ಕಟ್ಟದ ನೀರು ಸರದಿಯಲ್ಲಿ ಎಲ್ಲರ ತೋಟಕ್ಕೂ ಸಾಲುವಂತೆ. ಆದರೆ ಆ ತಂತಿನ ಹಿಂದೆ ಕಂಪೆನಿಯವರು ಸಾಕಷ್ಟು ನೀರನ್ನೇ ತಂದಿರದಿದ್ದರೆ ಪ್ರತಿ ರಾತ್ರಿಯೂ ಬರವೇ. ಆದ್ದರಿಂದ ಹಾಕಿಸುವ ಮೊದಲು ನೆರೆಮನೆಯವರ ಸಂಪರ್ಕವನ್ನು ರಾತ್ರಿ ಒಂಬತ್ತಕ್ಕೆ ಅಳೆದು ನೋಡುವುದು ಅತ್ಯುತ್ತಮ ಪರೀಕ್ಷೆ. ತಿಂಗಳಿಗೆ ಎಷ್ಟು ಗಿಗಾಬೈಟ್ ಮುಗಿದ ಮೇಲೆ ವೇಗ ಇಳಿಸುತ್ತಾರೆ, ಎಷ್ಟಕ್ಕೆ ಇಳಿಸುತ್ತಾರೆ ಎಂಬುದನ್ನೂ ಬರಹದಲ್ಲಿ ಕೇಳಿ ಪಡೆಯತಕ್ಕದ್ದು.

ಅಳೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ‘ಮೈಸ್ಪೀಡ್’ ಎಂಬ ಆ್ಯಪ್ ಇದೆ. ರೂಟರಿನ ಹತ್ತಿರ ನಿಂತು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆಯಿರಿ. ಪ್ರತಿದಿನ ಮಳೆಯ ಅಳತೆಯನ್ನು ಬರೆದಿಡುವ ಕೃಷಿಕರು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಪುಸ್ತಕದ ಬದಿಯಲ್ಲಿ ಒಂದು ವಾರ ಇದನ್ನೂ ಬರೆದರೆ, ಕಂಪೆನಿಯವರ ಬಳಿ ಮಾತನಾಡುವಾಗ ಕೈಯಲ್ಲಿ ದಾಖಲೆ ಇರುತ್ತದೆ.

ಮಳೆಗಾಲದ ವಿಷಯದಲ್ಲಿ ಎರಡು ಮಾತು. ತಾಮ್ರದ ತಂತಿಯಿಂದ ಸಿಡಿಲಿನ ವಿದ್ಯುತ್ತು ಮನೆಯೊಳಗೆ ಹರಿದು ಮೋಡೆಮ್ಮು ಸುಟ್ಟುಹೋಗುವುದಿತ್ತು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದರೂ ಪೆಟ್ಟಿಗೆಗೆ ಕರೆಂಟು ಬೇಕಷ್ಟೆ. ಆ ದಾರಿಯಿಂದ ಸಿಡಿಲು ಬಂದೀತು. ಕೇಬಲಿನ ಜೊತೆ ಆಧಾರಕ್ಕೆ ಉಕ್ಕಿನ ಸರಿಗೆ ಇರುವುದೂ ಉಂಟು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಪ್ಲಗ್ ತೆಗೆದಿಡಿ. ಎರಡನೆಯದಾಗಿ, ಹಳೆಯ ಟೆಲಿಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟು ಹೋದರೂ ಫೋನು ಜೀವಂತವಾಗಿರುತ್ತಿತ್ತು. ಫೈಬರಿನ ಫೋನು ಹಾಗಲ್ಲ. ಮುದುಕರು, ರೋಗಿಗಳು ಇರುವ ಮನೆಯಲ್ಲಿ, ಅದರಲ್ಲಿಯೂ ಮೊಬೈಲಿನ ಸಿಗ್ನಲ್ ಸಿಗದ ಕಡೆ, ರೂಟರಿಗೊಂದು ಸಣ್ಣ ಬ್ಯಾಟರಿಯನ್ನು ಮೊದಲೇ ಜೋಡಿಸಿಕೊಳ್ಳಿ.

ತೋಟದ ಮೇಲಿನಿಂದ ಕೇಬಲ್ ಎಳೆಯಲು ಬಂದವರಿಗೆ ತೆಂಗಿನ ಮರದ ಅಡಿಯ ದಾರಿಯನ್ನು ತಪ್ಪಿಸಲು ಹೇಳಿ. ಒಂದು ಒಣ ಮಡಲು ಬಿದ್ದರೆ ಸಾಕು, ತುಂಡಾಗುತ್ತದೆ. ಮನೆಯ ಮೂಲೆಯಲ್ಲಿ ಕೇಬಲನ್ನು ಚೂಪಾಗಿ ಮಡಿಸಿ ಮೊಳೆ ಹೊಡೆಯಲು ಬಿಡಬಾರದು. ಮಡಿಕೆಯಲ್ಲಿ ಬೆಳಕು ಸೋರುತ್ತದೆ. ಪೆಟ್ಟಿಗೆಯಲ್ಲಿ ‘ಎಲ್.ಒ.ಎಸ್.’ ಎಂದು ಬರೆದ ಕಡೆ ಕೆಂಪು ದೀಪ ಕಂಡರೆ ಬೆಳಕು ತಲುಪುತ್ತಿಲ್ಲವೆಂದು ತಿಳಿದು ಕೇಬಲಿನವರಿಗೆ ಫೋನು ಮಾಡಿ. ತುಂಡಾದ ತುದಿಯನ್ನು ಮಕ್ಕಳು ಕಣ್ಣಿನ ಹತ್ತಿರ ಹಿಡಿದು ನೋಡದಂತೆ ಎಚ್ಚರ ವಹಿಸಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲುದು. ಅಳೆಯುವ ಕ್ರಮವನ್ನು ಕಣ್ಣಾರೆ ನೋಡಬೇಕೆನ್ನುವವರು ಗ್ರಾಮಸೇವಕರು ಪಂಚಾಯತು ಕಚೇರಿಗೆ ಬರುವ ದಿನ ಮೊಬೈಲು ಹಿಡಿದುಕೊಂಡು ಬನ್ನಿ.