ಮೂಲೆ ಸೇರಿದ ಕಾಲು ಮಿಷನ್ನಿಗೆ ಮರುಜೀವ

ಮದ್ದೂರು ತಾಲ್ಲೂಕಿನ ಆತಗೂರು ಕಡೆಯ ಹಳೆಯ ಮನೆಗಳಲ್ಲಿ ರಾಗಿ ಮೂಟೆ, ಹಳೆ ಪಾತ್ರೆಗಳ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಕರಿ ಹೊಲಿಗೆ ಮಿಷನ್ ಕಂಡರೆ ಆಶ್ಚರ್ಯವಿಲ್ಲ. ಅತ್ತೆಯವರ ಕಾಲದ್ದು, ಇಲ್ಲವೇ ಅವರ ಅತ್ತೆಯವರದ್ದು. ಒಂದು ಕಾಲಕ್ಕೆ ಮಕ್ಕಳ ಲಂಗ, ಚಡ್ಡಿ, ನೆರೆಮನೆಯವರ ರವಿಕೆ ಹೊಲಿದು ನಾಲ್ಕು ಕಾಸು ಕೂಡಿಸಿಕೊಟ್ಟ ಮಿಷನ್ ಈಗ ಬಟ್ಟೆ ಗಂಟು ಇಡುವ ಮೇಜು! “ಚಕ್ರಾನೇ ತಿರುಗಾಕಿಲ್ಲ, ಗುಜರಿಗೆ ಹಾಕ್ಬುಡವ್ವ” ಎನ್ನುತ್ತಾರೆ ಮನೆಯ ಹುಡುಗರು.

ಸ್ವಲ್ಪ ತಾಳಿ, ಸೋದರಿಯರೇ. ಇಂಥ ಮಿಷನ್ನುಗಳು ಕೆಟ್ಟಿರುವುದಕ್ಕಿಂತ ಹಳೆ ಎಣ್ಣೆ ಒಣಗಿ ಬಿಗಿದುಕೊಂಡಿರುವುದೇ ಹೆಚ್ಚು. ತೂಕಕ್ಕೆ ಹಾಕುವ ಮುನ್ನ ಒಂದು ವಾರ ಪ್ರಯತ್ನಿಸಿ ನೋಡಿ.

ಗುರುತು ಹಿಡಿಯುವುದು ಹೇಗೆ?

ಒಣಬಟ್ಟೆಯಿಂದ ದೂಳು ಒರೆಸಿ ಹೆಸರು ಓದಿ. ಕಾಲಿನ ಮೇಲಿನ ಹೆಸರನ್ನೇ ನಂಬಬೇಡಿ. ಒಂದು ಕಂಪನಿಯ ಸ್ಟ್ಯಾಂಡಿಗೆ ಇನ್ನೊಂದರ ಮಿಷನ್ ಕೂರಿಸಿರುವುದುಂಟು. ‘ಉಷಾ’ ಎಂದಿದ್ದರೆ ಅದು ನಮ್ಮ ದೇಶದ್ದೇ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ್ದು.

‘ಸಿಂಗರ್’ ಎಂದಿದ್ದರೆ ಬಲಗಡೆ ಪೀಠದ ಮೇಲೆ ಒತ್ತಿರುವ ನಂಬರನ್ನು ಹುಡುಕಿ. ಅಕ್ಷರವಿಲ್ಲದೆ ಬರೀ ಅಂಕಿಗಳಿದ್ದರೆ ಅದು 1900ಕ್ಕೂ ಹಿಂದಿನದು. ಮೊದಲಿಗೆ ಇಂಗ್ಲಿಷಿನ ‘ವೈ’ ಅಕ್ಷರವಿದ್ದರೆ 1920-30ರ ದಶಕಗಳದ್ದು. ‘ಇ’ ಜೊತೆಗೆ ಇನ್ನೊಂದು ಅಕ್ಷರವಿದ್ದರೆ ಅದಕ್ಕಿಂತ ಈಚಿನದು. ಈ ‘ವೈ’, ‘ಇ’ ಮಿಷನ್ನುಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. 1913ರ ಒಂದೇ ವರ್ಷ ಅಲ್ಲಿಂದ ಸುಮಾರು 13 ಲಕ್ಷ ಮಿಷನ್ ಹೊರಬಿದ್ದವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಯಂತ್ರಗಳನ್ನು ಸುಲಭಕ್ಕೆ ಒಪ್ಪದ ಗಾಂಧೀಜಿಯವರೂ 1924ರಲ್ಲಿ ಮಾತನಾಡುತ್ತಾ ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ಮೆಚ್ಚಿಕೊಂಡಿದ್ದರು.

ಲಕ್ಷಗಟ್ಟಲೆ ತಯಾರಾದ ವಸ್ತುವಾದ್ದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಭಾರಿ ಬೆಲೆ ಬರುವುದಿಲ್ಲ. ಅದರ ಬೆಲೆ ಇರುವುದು ಹೊಲಿಗೆಯಲ್ಲಿ.

ಕೆಂಪು ಪಾದರಸದ ಕಟ್ಟುಕತೆ

ಹಳೆ ಸಿಂಗರ್ ಮಿಷನ್ನಿನಲ್ಲಿ ‘ಕೆಂಪು ಪಾದರಸ’ ಇದೆ, ಮೊಬೈಲ್ ಹತ್ತಿರ ಹಿಡಿದರೆ ಲೈನ್ ಕಟ್ಟಾಗುತ್ತೆ ಎಂಬ ಗಾಳಿಸುದ್ದಿ 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಬ್ಬಿ, ಜನ ಸಾವಿರಾರು ರಿಯಾಲ್ ಸುರಿದು ಹಳೆ ಮಿಷನ್ ಕೊಂಡರು. ಅಲ್ಲಿ ಇದ್ದದ್ದು ಕಬ್ಬಿಣ, ಉಕ್ಕು ಅಷ್ಟೆ. ಅಂಥ ಕತೆ ಹೇಳಿಕೊಂಡು ಯಾರಾದರೂ ಬಾಗಿಲಿಗೆ ಬಂದು ‘ಪರೀಕ್ಷೆ ಖರ್ಚು’ ಅಂತ ದುಡ್ಡು ಕೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ.

ಚಕ್ರ ತಿರುಗದಿದ್ದರೆ

ಬಲವಂತವಾಗಿ ತಿರುಗಿಸಬೇಡಿ. ಮೊದಲು ಬೆಲ್ಟ್ ಬಿಚ್ಚಿ. ಸೂಜಿ, ಬಾಬಿನ್, ಬಾಬಿನ್ ಕೇಸ್ ತೆಗೆಯಿರಿ. ಸೂಜಿ ಇಳಿಯುವ ತಗಡಿನ ಸ್ಕ್ರೂ ಬಿಚ್ಚಿ, ಹಲ್ಲುಗಳ ಸಂದಿಯ ಹತ್ತಿ, ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಎಷ್ಟೋ ಸಲ ಒಂದು ತುಂಡು ದಾರ ಸುತ್ತಿಕೊಂಡೇ ಚಕ್ರ ಹಿಡಿದಿರುತ್ತದೆ.

ಆಮೇಲೆ ಎಣ್ಣೆ ತೂತುಗಳಿಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. (ಒಲೆ, ದೀಪ ದೂರವಿರಲಿ.) ಸೀಮೆಎಣ್ಣೆ ಸಿಗದಿದ್ದರೆ ಮಿಷನ್ ಎಣ್ಣೆಯೇ ಸಾಕು, ಎರಡು ದಿನ ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಅಲುಗಿಸಿ. ಸಡಿಲವಾಗುವವರೆಗೆ ಮೂರು ನಾಲ್ಕು ದಿನ ಇದೇ ಕ್ರಮ. ಸಡಿಲವಾದ ಮೇಲೆ ಕೊಳೆ ಒರೆಸಿ, ಹೊಸ ಮಿಷನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ, ಕಡ್ಲೆಕಾಯಿ ಎಣ್ಣೆ ಮಾತ್ರ ಬೇಡವೇ ಬೇಡ. ಅವು ದಿನ ಕಳೆದಂತೆ ಅಂಟಾಗಿ ಗಟ್ಟಿಯಾಗುತ್ತವೆ. ಮಿಷನ್ ಮೂಲೆ ಸೇರಲು ಅದೂ ಒಂದು ಕಾರಣ.

ಚಕ್ರ ತಿರುಗಿದರೂ ಸೂಜಿ ಏಳದಿದ್ದರೆ ಹೆದರಬೇಡಿ. ಬಾಬಿನ್ ಸುತ್ತುವಾಗ ಸಡಿಲ ಮಾಡಿದ ಚಕ್ರದ ನಡುವಿನ ತಿರುಪನ್ನು ಬಿಗಿ ಮಾಡಿರುವುದಿಲ್ಲ, ಅಷ್ಟೇ.

ಬಣ್ಣ, ಮರ, ಬೆಲ್ಟ್

ಬಂಗಾರದ ಬಣ್ಣದ ಹೂಬಳ್ಳಿಯೇ ಮಿಷನ್ನಿನ ಅಂದ. ಅದನ್ನು ಸೋಪಿನ ಪುಡಿ, ಸ್ಪಿರಿಟ್, ಉಪ್ಪುಕಾಗದದಿಂದ ಉಜ್ಜಿದರೆ ಬಣ್ಣವೇ ಕಿತ್ತುಬರುತ್ತದೆ. ಮೆತ್ತನೆ ಬಟ್ಟೆಗೆ ನಾಲ್ಕು ಹನಿ ಮಿಷನ್ ಎಣ್ಣೆ ಹಾಕಿ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಕಬ್ಬಿಣದ ಕಾಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದು, ಪೆಡಲು ಆಡುವ ಕೀಲುಗಳಿಗೂ ಎಣ್ಣೆ ಬಿಡಿ. ಮರದ ಹಲಗೆಗೆ ಗೆದ್ದಲು ಹಿಡಿದಿದೆಯೇ ಎಂದು ಅಡಿಯಿಂದ ನೋಡಿ.

ಚರ್ಮದ ಬೆಲ್ಟ್ ಒಣಗಿ ತುಂಡಾಗಿದ್ದರೆ ಹೊಸದನ್ನು ತಂದು, ಅಳತೆಗೆ ಕತ್ತರಿಸಿ ತಂತಿ ಕೊಂಡಿ ಹಾಕಿಸಿ. ಬಾಬಿನ್ ದುಂಡಗಿದ್ದರೆ ಬಿಡಿಭಾಗ ಸಿಗುವುದು ಸುಲಭ. ದೋಣಿಯಂಥ ಶಟಲ್ಲಿನೊಳಗೆ ಉದ್ದನೆ ಬಾಬಿನ್ ಇದ್ದರೆ ಅದು ಇನ್ನೂ ಹಳೆಯ ಮಾದರಿ. ಆ ಶಟಲ್ಲನ್ನು ಜೋಪಾನವಾಗಿಡಿ, ಕಳೆದರೆ ಹುಡುಕುವುದು ಕಷ್ಟ. ಹಳೆ ಸೂಜಿಯನ್ನೂ ಅಂಗಡಿಗೆ ಒಯ್ದು ತೋರಿಸಿಯೇ ಹೊಸದು ಕೊಳ್ಳಿ.

ಹೊಲಿದು ನೋಡಿ

ಸೂಜಿಯ ಉದ್ದ ಗೀರಿರುವ ಕಡೆಯಿಂದ ದಾರ ಪೋಣಿಸಿ. ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ ಪೆಡಲು ತುಳಿಯಿರಿ. ಹಳೆ ಪಂಚೆ ತುಂಡನ್ನು ಎರಡು ಮಡಿಕೆ ಮಾಡಿ ಹೊಲಿಯಿರಿ. ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಮೇಲಿನ ಟೆನ್ಷನ್ ಸ್ವಲ್ಪ ಬಿಗಿ ಮಾಡಿ; ಅಡಿಯ ದಾರ ಮೇಲೆ ಇಣುಕಿದರೆ ಸಡಿಲಿಸಿ.

ಇದರಲ್ಲಿ ಬರುವುದು ನೇರ ಹೊಲಿಗೆ ಮಾತ್ರ. ಆದರೂ ರವಿಕೆ, ಲಂಗ, ದಿಂಬಿನ ಗವಸು, ಹರಿದ ಸ್ಕೂಲ್ ಬ್ಯಾಗು, ಎಲ್ಲಕ್ಕೂ ಅದೇ ಸಾಕಲ್ಲವೇ? ಕರೆಂಟ್ ಹೋದರೂ ಇದರ ಕೆಲಸ ನಿಲ್ಲದು.

ಕೊನೆಗೊಂದು ಮಾತು. ಹೊಲ, ಮನೆ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಎಷ್ಟೋ ಹೆಂಗಸರಿಗೆ ‘ನಂದು’ ಎಂದು ಹೇಳಿಕೊಳ್ಳಲು ಇದ್ದದ್ದು ಈ ಮಿಷನ್ ಒಂದೇ. ಅದರ ನಂಬರ್, ಅದನ್ನು ತುಳಿದವರ ಹೆಸರು, ಮನೆಗೆ ಬಂದ ವರ್ಷ ಇಷ್ಟನ್ನು ಮನೆಯ ಹಿರಿಯರಿಂದ ಕೇಳಿ ಬರೆದು ಡ್ರಾಯರಿನೊಳಗೆ ಅಂಟಿಸಿ. ಕೇಳಿದರೆ ಹೇಳುವವರು ಇರುವಾಗಲೇ ಬರೆದಿಡಿ.