ಬಿಗಿದ ಮನೆ ಉಡುಪಿಗೆ ಬೇಕೆ?

ಪ್ರಶ್ನೆ: ಕಿಟಕಿ, ಬಾಗಿಲುಗಳ ಸಂದುಗಳನ್ನೆಲ್ಲ ಮುಚ್ಚಿದರೆ ಕರೆಂಟ್ ಬಿಲ್ ಇಳಿಯುತ್ತದೆಯೆ?

ಎಸಿ ಕೋಣೆಯ ಮಟ್ಟಿಗೆ ಹೌದು. ಕಾಪುವಿನ ಕಡಲಗಾಳಿಯಲ್ಲಿ ಬಿಸಿಯಷ್ಟೇ ತೇವವೂ ಹೊರೆ. ಬಾಗಿಲಡಿಯಿಂದ ನುಗ್ಗುವ ತೇವವನ್ನು ನೀರಾಗಿಸಿ ಹೊರಹಾಕಲು ಎಸಿ ದುಡಿಯುತ್ತಲೇ ಇರಬೇಕು. ಅಲ್ಲಿ ರಬ್ಬರ್ ಪಟ್ಟಿ ಸಾರ್ಥಕ. ಇಡೀ ಮನೆಯನ್ನು ಬಿಗಿಯುವುದು ಮಾತ್ರ ಚಳಿದೇಶದ ಉಪಾಯ: ಅಲ್ಲಿ ಉಳಿಸಬೇಕಾದದ್ದು ಒಳಗಿನ ಬಿಸಿ, ಇಲ್ಲಿ ಕಳೆಯಬೇಕಾದದ್ದೇ ಅದು. ಹಂಚಿನ ಮಾಡು ತನ್ನ ಸಂದುಗಳಿಂದಲೇ ಉಸಿರಾಡುತ್ತಿತ್ತು. ಮಣಿಪಾಲದ ತಾರಸಿ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಕೆಳಕ್ಕೆ ಬಿಡುತ್ತದೆ; ಅದಕ್ಕೆ ಬೇಕಾದದ್ದು ನೆರಳು, ಇಲ್ಲವೇ ಬಿಳಿ ಬಣ್ಣ.

ಆಟಿಯಲ್ಲಿ ಕಿಟಕಿ ತೆರೆದರೆ ಬೂಸರು ಬಾರದೆ ಎನ್ನಬಹುದು. ಕಾರ್ಕಳದ ಮಳೆಗಾಳಿ ಒದ್ದೆಯೇ, ನಿಜ. ಆದರೆ ಕುಚ್ಚಲಕ್ಕಿ ಬೇಯುವ ಹಬೆ, ಒಳಗೆ ಹರವಿದ ಬಟ್ಟೆ ಸೇರಿ ಮುಚ್ಚಿದ ಕೋಣೆ ಇನ್ನಷ್ಟು ಒದ್ದೆ. ಅಡುಗೆಮನೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಎರಚಲು ಬಡಿಯದ ಕಡೆಯ ಕಿಟಕಿ ತೆರೆದೇ ಇರಲಿ.