ಶೋಲಾ ಹಾಡುಹಕ್ಕಿಗಳ ಮೈಟೊಕಾಂಡ್ರಿಯ ಡಿಎನ್ಎ ಮತ್ತು ವಿಕಾಸ ಸಂಬಂಧಗಳು

ಶೋಲಾ ಹಾಡುಹಕ್ಕಿಗಳು ಎಂಬ ಹೆಸರನ್ನು ಇಲ್ಲಿ ಪಶ್ಚಿಮ ಘಟ್ಟಗಳ ದಕ್ಷಿಣ ಭಾಗದ ಎತ್ತರದ ಬೆಟ್ಟಗಳಿಗೆ ಸೀಮಿತವಾದ ಶೋಲಿಕೋಲ ಮತ್ತು ಮಾಂಟೆಸಿಂಕ್ಲ ಎಂಬ ಎರಡು ಕುಲಗಳ ಸಣ್ಣ ಹಕ್ಕಿಗಳಿಗೆ ಬಳಸಲಾಗಿದೆ. ಇವು ಹಿಮಾಲಯ ಮತ್ತು ಆಗ್ನೇಯ ಏಷ್ಯಾದ ಹಕ್ಕಿಗಳ ಹತ್ತಿರದ ಬಂಧುಗಳೆಂದು ಬಹುಕಾಲ ಭಾವಿಸಲಾಗಿತ್ತು. ಮೈಟೊಕಾಂಡ್ರಿಯ ಹಾಗೂ ಕೋಶಕೇಂದ್ರದ ಡಿಎನ್ಎಯ ಅಧ್ಯಯನಗಳು ಈ ಎಣಿಕೆಯನ್ನು ಬದಲಾಯಿಸಿ, ಇವು ಪಶ್ಚಿಮ ಘಟ್ಟಗಳಲ್ಲಿಯೇ ಕವಲೊಡೆದ ಎರಡು ಪ್ರತ್ಯೇಕ ವಂಶಗಳೆಂದು ತೋರಿಸಿವೆ. ಈ ಎರಡು ಕುಲಗಳನ್ನು 2017ರಲ್ಲಿ ಹೆಸರಿಸಲಾಯಿತು.

ಮೈಟೊಕಾಂಡ್ರಿಯ ಜೀನೋಮ್

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿ ಕೋಶಕೇಂದ್ರದ ಡಿಎನ್ಎಯಿಂದ ಬೇರೆಯಾದ, ಉಂಗುರದಾಕಾರದ ಚಿಕ್ಕ ಡಿಎನ್ಎ ಇರುತ್ತದೆ. ಹಕ್ಕಿಗಳಲ್ಲಿ ಮೊದಲು ಪೂರ್ಣವಾಗಿ ಓದಲಾದದ್ದು ಕೋಳಿಯ ಮೈಟೊಕಾಂಡ್ರಿಯ ಜೀನೋಮ್. 1990ರಲ್ಲಿ ಪ್ರಕಟವಾದ ಅದರ ಉದ್ದ 16,775 ಬೇಸ್ ಜೋಡಿಗಳು. ಹಾಡುಹಕ್ಕಿಗಳಲ್ಲಿಯೂ ಉದ್ದ ಹೆಚ್ಚುಕಡಿಮೆ ಇಷ್ಟೇ. ಸಾಮಾನ್ಯವಾಗಿ ಇದರಲ್ಲಿ 37 ಜೀನ್‌ಗಳಿವೆ: ಪ್ರೋಟೀನ್ ತಯಾರಿಕೆಯ ಮಾಹಿತಿ ಹೊತ್ತ 13, ಟಿ-ಆರ್‌ಎನ್ಎಯ 22, ರೈಬೋಸೋಮ್ ಆರ್‌ಎನ್ಎಯ 2. ಯಾವ ಜೀನನ್ನೂ ಹೊಂದಿರದ ನಿಯಂತ್ರಣ ಭಾಗವೊಂದು ಇದರ ಜೊತೆಗಿದ್ದು, ಅದು ಬಹು ಬೇಗ ಬದಲಾಗುತ್ತದೆ.

ವಂಶವೃಕ್ಷ ರಚಿಸುವವರಿಗೆ ಈ ಡಿಎನ್ಎ ಅನುಕೂಲಕರವಾಗಿರಲು ಕಾರಣಗಳಿವೆ. ಇದು ತಾಯಿಯಿಂದ ಮಾತ್ರ ಬರುವುದರಿಂದ ತಂದೆ-ತಾಯಿಯರ ಅಂಶಗಳು ಬೆರೆತು ಚರಿತ್ರೆ ಕಲಸಿಹೋಗುವುದಿಲ್ಲ. ಒಂದೊಂದು ಕೋಶದಲ್ಲಿಯೂ ಇದರ ನೂರಾರು ಪ್ರತಿಗಳಿರುವುದರಿಂದ, ವಸ್ತುಸಂಗ್ರಹಾಲಯದಲ್ಲಿ ನೂರು ವರ್ಷ ಕಳೆದ ಹಕ್ಕಿಯ ಚರ್ಮದಿಂದಲೂ ಅದನ್ನು ಪಡೆಯಬಹುದು. ಕೋಶಕೇಂದ್ರದ ಹೆಚ್ಚಿನ ಜೀನ್‌ಗಳಿಗಿಂತ ಇದು ವೇಗವಾಗಿ ಬದಲಾಗುತ್ತದೆ. ಸೈಟೋಕ್ರೋಮ್-ಬಿ ಎಂಬ ಜೀನ್‌ನಲ್ಲಿ ಎರಡು ವಂಶಗಳ ನಡುವಿನ ವ್ಯತ್ಯಾಸ ಹತ್ತು ಲಕ್ಷ ವರ್ಷಗಳಿಗೆ ಸುಮಾರು ಶೇ. 2ರಷ್ಟು ಬೆಳೆಯುತ್ತದೆ ಎಂಬ ಲೆಕ್ಕವನ್ನು ಹಕ್ಕಿಗಳ ಅಧ್ಯಯನದಲ್ಲಿ ವ್ಯಾಪಕವಾಗಿ ಬಳಸಲಾಗುತ್ತದೆ. ಇದು ಸರಾಸರಿ ಮಾತ್ರ. ಎಲ್ಲ ಹಕ್ಕಿಗಳ ಗಡಿಯಾರವೂ ಒಂದೇ ವೇಗದಲ್ಲಿ ನಡೆಯುವುದಿಲ್ಲ.

ಹಳೆಯ ವರ್ಗೀಕರಣ

ಹತ್ತೊಂಬತ್ತನೆಯ ಶತಮಾನದಲ್ಲಿ ಟಿ. ಸಿ. ಜೆರ್ಡನ್ ಮತ್ತು ಡಬ್ಲ್ಯೂ. ಟಿ. ಬ್ಲ್ಯಾನ್‌ಫರ್ಡ್ ಮೊದಲಾದವರು ಈ ಹಕ್ಕಿಗಳನ್ನು ವಿವರಿಸಿದರು. ಶೋಲಾ ನೆಲದ ಪೊದೆಗಳ ನಡುವೆ ಅಡಗಿ ಬದುಕುವ ಕಡುನೀಲಿ ಹಕ್ಕಿಗೆ ಉದ್ದನೆಯ ಕಾಲು, ಮೋಟು ರೆಕ್ಕೆ ಇದ್ದುದರಿಂದ ಅದನ್ನು ಹಿಮಾಲಯದ ಶಾರ್ಟ್‌ವಿಂಗ್‌ಗಳ ಬ್ರಾಕಿಪ್ಟೆರಿಕ್ಸ್ ಕುಲದಲ್ಲಿ ಇಡಲಾಯಿತು; ಮುಂದೆ ಮಯೋಮೆಲ ಕುಲಕ್ಕೂ ಸೇರಿಸಲಾಯಿತು. ನಗುವಂತೆ ಕೂಗುವ ಲಾಫಿಂಗ್‌ಥ್ರಷ್‌ಗಳನ್ನು ಗ್ಯಾರುಲ್ಯಾಕ್ಸ್, ಟ್ರೊಕಲಾಪ್ಟೆರಾನ್ ಕುಲಗಳಲ್ಲಿ ಎಣಿಸಲಾಗುತ್ತಿತ್ತು. ಹಿಮಾಲಯದ ಜೀವಿಗಳು ಮಧ್ಯಭಾರತದ ಬೆಟ್ಟಸಾಲುಗಳ ಮೂಲಕ ದಕ್ಷಿಣಕ್ಕೆ ಬಂದವೆಂದು ಸುಂದರ್ ಲಾಲ್ ಹೋರಾ ಮಂಡಿಸಿದ್ದ ಸಾತ್ಪುರ ಸಿದ್ಧಾಂತಕ್ಕೂ ಇಂತಹ ವರ್ಗೀಕರಣ ಹೊಂದುತ್ತಿತ್ತು.

ಕಾಲು, ರೆಕ್ಕೆಗಳ ಹೋಲಿಕೆ ಇಲ್ಲಿ ದಾರಿ ತಪ್ಪಿಸಿತು. ದಟ್ಟ ಕಾಡಿನ ನೆಲದಲ್ಲಿ ಓಡಾಡುವ ಹಕ್ಕಿಗಳಲ್ಲಿ ರಕ್ತಸಂಬಂಧವಿಲ್ಲದೆಯೂ ಇಂತಹ ದೇಹರಚನೆ ಮೂಡಬಲ್ಲದು.

ಡಿಎನ್ಎ ತೋರಿಸಿದ ಸಂಬಂಧಗಳು

ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್, ಸುಷ್ಮಾ ರೆಡ್ಡಿ ಮತ್ತು ಸಹಲೇಖಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಮೈಟೊಕಾಂಡ್ರಿಯ ಮತ್ತು ಕೋಶಕೇಂದ್ರದ ಜೀನ್‌ಗಳನ್ನು ಹಕ್ಕಿಗಳ ಮೈಕಟ್ಟು ಹಾಗೂ ಹಾಡುಗಳೊಂದಿಗೆ ಹೋಲಿಸಿ ನೋಡಿತು. ಶಾರ್ಟ್‌ವಿಂಗ್ ಎನಿಸಿಕೊಂಡಿದ್ದ ಹಕ್ಕಿ ನಿಲ್ಟಾವ ಮತ್ತು ನೀಲಿ ನೊಣಹಿಡುಕಗಳ ಗುಂಪಿಗೆ ಸೇರಿತು. ಲಾಫಿಂಗ್‌ಥ್ರಷ್‌ಗಳು ತಮ್ಮ ಕುಟುಂಬದಲ್ಲಿಯೇ ಉಳಿದರೂ ಅವುಗಳದು ಬೇರೆಯೇ ಕವಲೆಂದು ಕಂಡುಬಂದಿತು. ಶೋಲಿಕೋಲ ಹಕ್ಕಿಗಳ ಬಳಕೆಯ ಹೆಸರು 'ಶೋಲಾಕಿಳಿ'. ಮಲಯಾಳದಲ್ಲಿ ಕಿಳಿ ಎಂದರೆ ಹಕ್ಕಿ.

ಎರಡು ಕುಲಗಳ ಹಂಚಿಕೆಯನ್ನು ನಕ್ಷೆಯಲ್ಲಿಟ್ಟು ನೋಡಿದರೆ ಈ ಚರಿತ್ರೆಯ ಕಾರಣ ಸ್ಪಷ್ಟವಾಗುತ್ತದೆ. ಶೋಲಾ ಬೆಟ್ಟಗಳನ್ನು 'ಗಗನ ದ್ವೀಪ'ಗಳೆಂದು ಕರೆಯುವುದುಂಟು. ತಂಪಿನ ಶಿಖರಗಳ ನಡುವಿನ ಬಿಸಿ ಕಣಿವೆ ಈ ಹಕ್ಕಿಗಳ ಪಾಲಿಗೆ ಕಡಲಿದ್ದಂತೆ. ಅವುಗಳಲ್ಲಿ ಅತಿ ಅಗಲವಾದದ್ದು ಪಾಲಕ್ಕಾಡ್ ಕಣಿವೆ. ಅದಕ್ಕಿಂತ ಕಿರಿದಾದ ಶೆಂಕೋಟೆ ಕಣಿವೆ ಇನ್ನೂ ದಕ್ಷಿಣದಲ್ಲಿದೆ. ಪಾಲಕ್ಕಾಡಿನ ಉತ್ತರಕ್ಕೆ, ನೀಲಗಿರಿಯಿಂದ ಕರ್ನಾಟಕದ ಬಾಬಾಬುಡನ್ ಗಿರಿಯವರೆಗೆ, ಪಕ್ಕೆಯಲ್ಲಿ ಕೆಂಗಂದು ಬಣ್ಣವಿರುವ ಶೋಲಿಕೋಲ ಮೇಜರ್ ಇದೆ. ಎರಡು ಕಣಿವೆಗಳ ನಡುವಿನ ಆನೈಮಲೈ, ಪಳನಿ ಬೆಟ್ಟಗಳಲ್ಲಿ ಬಿಳಿ ಹೊಟ್ಟೆಯ ಶೋಲಿಕೋಲ ಅಲ್ಬಿವೆಂಟ್ರಿಸ್, ಶೆಂಕೋಟೆಯ ದಕ್ಷಿಣದಲ್ಲಿ ಶೋಲಿಕೋಲ ಅಶಾಂಬುಯೆನ್ಸಿಸ್ ಇವೆ. ಕೊನೆಯದು ಅದೇ ಅಧ್ಯಯನದಲ್ಲಿ ಹೊಸ ಪ್ರಭೇದವಾಗಿ ವಿವರಿಸಲ್ಪಟ್ಟಿತು. ಮಾಂಟೆಸಿಂಕ್ಲದಲ್ಲಿಯೂ ಇದೇ ಕ್ರಮವಿದೆ: ನಡುವೆ ಫೇರ್‌ಬ್ಯಾಂಕಿ, ದಕ್ಷಿಣದಲ್ಲಿ ಮೆರಿಡಿಯೊನಾಲಿಸ್. ಆದರೆ ಉತ್ತರದಲ್ಲಿ ಒಂದರ ಬದಲು ಎರಡು ಪ್ರಭೇದಗಳಿವೆ: ನೀಲಗಿರಿಯ ಕ್ಯಾಕಿನನ್ಸ್ ಮತ್ತು ಕೊಡಗು, ಬ್ರಹ್ಮಗಿರಿ, ವಯನಾಡಿನ ಬಾಣಾಸುರ ಬೆಟ್ಟಗಳ ಜೆರ್ಡೊನಿ. ಒಂದೇ ಭೂಗೋಳ ಎರಡು ವಂಶಗಳನ್ನು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಒಡೆದಿದ್ದರೂ ಪೂರ್ತಿ ಒಂದೇ ಬಗೆಯಲ್ಲಿ ಅಲ್ಲ ಎಂಬುದು ಗಮನಾರ್ಹ.

ಇದಕ್ಕೆ ಮೊದಲು, 2015ರಲ್ಲಿ, ಪಶ್ಚಿಮ ಘಟ್ಟಗಳ 23 ಪ್ರಭೇದಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವೊಂದು ಆಳವೂ ಅಗಲವೂ ಆದ ಕಣಿವೆಗಳು ಹಕ್ಕಿಗಳ ವಂಶಗಳನ್ನು ಹೆಚ್ಚು ಬೇರ್ಪಡಿಸಿರುವುದನ್ನು ದಾಖಲಿಸಿತ್ತು.

ಮಿತಿಗಳು

ಮೈಟೊಕಾಂಡ್ರಿಯದ ಜೀನ್‌ಗಳೆಲ್ಲ ಒಂದೇ ಉಂಗುರದಲ್ಲಿ ಒಟ್ಟಾಗಿ ಸಾಗುತ್ತವೆ. ಆದ್ದರಿಂದ 37 ಜೀನ್‌ಗಳನ್ನು ಓದಿದರೂ ವಂಶದ ಬಗ್ಗೆ ದೊರೆಯುವುದು ಒಂದೇ ಸಾಕ್ಷಿ, ಅದೂ ತಾಯಿಯ ಕಡೆಯದು. ಎರಡು ಪ್ರಭೇದಗಳು ಎಂದೋ ಕೂಡಿದ್ದರೆ ಒಂದರ ಮೈಟೊಕಾಂಡ್ರಿಯ ಮತ್ತೊಂದರಲ್ಲಿ ನೆಲೆಗೊಳ್ಳಬಹುದು. ಉಷ್ಣವಲಯದ ಹೊರಗಿನ ಪ್ರಸಿದ್ಧ ಉದಾಹರಣೆಯೆಂದರೆ ಯುರೇಷ್ಯಾದ ಯೆಲ್ಲೊಹ್ಯಾಮರ್ ಮತ್ತು ಪೈನ್ ಬಂಟಿಂಗ್: ನೋಟದಲ್ಲಿ ಇವು ಸ್ಪಷ್ಟವಾಗಿ ಬೇರೆಯಾದರೂ ಇವುಗಳ ಮೈಟೊಕಾಂಡ್ರಿಯ ಡಿಎನ್ಎ ಬಹುತೇಕ ಒಂದೇ.

ಪ್ರಯೋಗಾಲಯದ ತೊಡಕೂ ಒಂದಿದೆ. ಮೈಟೊಕಾಂಡ್ರಿಯ ಡಿಎನ್ಎಯ ತುಣುಕುಗಳು ಹಿಂದೆಂದೋ ಕೋಶಕೇಂದ್ರದೊಳಗೆ ಸೇರಿಕೊಂಡು, ಕೆಲಸಕ್ಕೆ ಬಾರದ ಪ್ರತಿಗಳಾಗಿ ಉಳಿದಿರುತ್ತವೆ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ಸಸ್ತನಿಗಳಂತಲ್ಲದೆ ಕೋಶಕೇಂದ್ರ ಇರುತ್ತದೆ, ಮೈಟೊಕಾಂಡ್ರಿಯಗಳು ಕಡಿಮೆ. ಬಲೆಯಲ್ಲಿ ಹಿಡಿದ ಹಕ್ಕಿಯಿಂದ ಒಂದು ಹನಿ ರಕ್ತ ತೆಗೆದು ಬಿಡುವುದು ಹಕ್ಕಿಗೆ ಅಷ್ಟೇನೂ ತೊಂದರೆ ಕೊಡದ ವಿಧಾನವಾದರೂ, ಅದರಲ್ಲಿ ಈ ಸುಳ್ಳು ಪ್ರತಿಗಳನ್ನೇ ಓದಿಬಿಡುವ ಅಪಾಯ ಹೆಚ್ಚು. ಈ ಕಾರಣಗಳಿಂದ ಕೋಶಕೇಂದ್ರದ ಜೀನ್, ಹಾಡು ಮತ್ತು ಮೈಕಟ್ಟಿನ ಸಾಕ್ಷ್ಯಗಳನ್ನು ಜೊತೆಗಿಟ್ಟು ತೀರ್ಮಾನಿಸಲಾಗುತ್ತದೆ.

ಸಂರಕ್ಷಣೆ

ಒಂದು ಪ್ರಭೇದವೆಂದು ಎಣಿಸಿದ ಹಕ್ಕಿ ಎರಡು ಅಥವಾ ಮೂರಾಗಿ ಬೇರ್ಪಟ್ಟಾಗ, ಪ್ರತಿಯೊಂದರ ನೆಲೆಯೂ ಸಂಖ್ಯೆಯೂ ಮೊದಲು ತಿಳಿದಿದ್ದಕ್ಕಿಂತ ಕಡಿಮೆಯಾಗುತ್ತದೆ. ನೀಲಗಿರಿಯ ಶೋಲಿಕೋಲ ಮೇಜರ್ ಮತ್ತು ಮಾಂಟೆಸಿಂಕ್ಲ ಜೆರ್ಡೊನಿ ಎರಡನ್ನೂ ಐಯುಸಿಎನ್ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಒಂದು ಬೆಟ್ಟದಲ್ಲಿ ನಶಿಸಿದ ವಂಶವನ್ನು ಕಣಿವೆಯಾಚೆಯ ಬೆಟ್ಟದ ಹಕ್ಕಿಗಳಿಂದ ತುಂಬಿಕೊಡಲು ಬರುವುದಿಲ್ಲ. ಚಹಾ ತೋಟ, ನೀಲಗಿರಿ ಮರ ಮತ್ತು ವಾಟಲ್ ನೆಡುತೋಪುಗಳು ಬೆಟ್ಟದ ಮೇಲಿನ ಹುಲ್ಲುಗಾವಲು ಮತ್ತು ಶೋಲಾಗಳ ಬಹುಭಾಗವನ್ನು ಈಗಾಗಲೇ ಆಕ್ರಮಿಸಿವೆ. ಹವೆ ಬಿಸಿಯಾದಂತೆ ತಂಪು ಬಯಸುವ ಈ ಹಕ್ಕಿಗಳು ಇನ್ನೂ ಮೇಲಕ್ಕೆ ಸರಿಯಬೇಕು. ಈಗಾಗಲೇ ಶಿಖರದ ಬಳಿ ಇರುವವುಗಳಿಗೆ ಅದಕ್ಕೆ ಜಾಗವಿಲ್ಲ.